ಶೇಷ ಪರ್ವತದ ಮೇಲೆ ಒಂದು ದಿನದ ಕ್ಷೇತ್ರಾಧ್ಯಯನ

ಭೂಗೋಳಶಾಸ್ತ್ರವೆಂದರೆ ಗೋಡೆಗೆ ತೂಗುಹಾಕಿದ ಭೂಪಟವೆಂದೂ, ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುವ ನದಿಗಳ ಪಟ್ಟಿಯೆಂದೂ ತಿಳಿದವರು ನಮ್ಮ ಕಾಲೇಜಿನಲ್ಲಿ ಕಡಮೆಯಿಲ್ಲ. ಅವರನ್ನು ದೂರಲು ನಾನು ಹೊರಟಿಲ್ಲ. ಎತ್ತರ ಹೆಚ್ಚಿದಂತೆಲ್ಲ ಗಾಳಿ ತಂಪಾಗುತ್ತದೆ, ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಉಷ್ಣತೆ ಇಳಿಯುತ್ತದೆ ಎಂಬ ಮಾತನ್ನು ಹೈಸ್ಕೂಲಿನಿಂದ ನಾವೆಲ್ಲರೂ ಓದುತ್ತ ಬಂದಿದ್ದೇವೆ. ಓದಿದ್ದನ್ನು ಒಮ್ಮೆ ಅಳೆದೇ ನೋಡೋಣವೆಂದು ನಮ್ಮ ವಿಭಾಗದ ಏಳು ಮಂದಿ ವಿದ್ಯಾರ್ಥಿಗಳು, ನಮ್ಮ ಅಧ್ಯಾಪಕರ ಜೊತೆಯಲ್ಲಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ಅಕ್ಟೋಬರ್ ತಿಂಗಳ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಹೋದೆವು. ಅಳೆಯುವುದು ಓದುವುದಕ್ಕಿಂತ ಎಷ್ಟು ಬೇರೆಯಾದ ಕೆಲಸವೆಂಬುದನ್ನು, ಮುಖ್ಯವಾಗಿ ಆ ಪ್ರವಾಸದ ಎರಡನೆಯ ದಿನದ ವಿಚಾರವನ್ನು ಹಿಡಿದು, ಇಲ್ಲಿ ವಿವರಿಸುತ್ತೇನೆ.

ಕುಮಾರ ಪರ್ವತಕ್ಕೆ ಪುಷ್ಪಗಿರಿಯೆಂಬ ಹೆಸರೂ ಉಂಟು. ಅದರ ಎತ್ತರ 1712 ಮೀಟರ್. ಇದಕ್ಕಿಂತ ಎತ್ತರದ ಬೆಟ್ಟಗಳು ನಮ್ಮ ನಾಡಿನಲ್ಲಿ ಇಲ್ಲದಿಲ್ಲ. ಮುಳ್ಳಯ್ಯನಗಿರಿ 1900 ಮೀಟರನ್ನೂ ಮೀರಿದ್ದು. ಆದರೆ ಅಲ್ಲಿ ನಡೆಯಲು ತೊಡಗುವಾಗಲೇ ನಾವು ಪ್ರಸ್ಥಭೂಮಿಯ ಮೇಲಿರುತ್ತೇವೆ. ಕುಮಾರ ಪರ್ವತದ ತಪ್ಪಲಾದ ಕುಕ್ಕೆ ಸುಬ್ರಹ್ಮಣ್ಯವೋ ಸಮುದ್ರಮಟ್ಟದಿಂದ ನೂರಿಪ್ಪತ್ತು ಮೀಟರಿನಷ್ಟು ಮಾತ್ರ ಎತ್ತರದಲ್ಲಿದೆ. ಅಂದರೆ ಒಂದೇ ಏರಿನಲ್ಲಿ ಸುಮಾರು ಸಾವಿರದ ಆರುನೂರು ಮೀಟರ್ ಮೇಲೇರಬಹುದು. ಎತ್ತರದಿಂದ ಆಗುವ ವ್ಯತ್ಯಾಸವನ್ನು ಅಳೆಯಬೇಕೆನ್ನುವವನಿಗೆ ಇದಕ್ಕಿಂತ ಒಳ್ಳೆಯ ಏಣಿ ಸುಲಭವಾಗಿ ಸಿಗಲಾರದು. ಕುಮಾರಧಾರೆಯು ಈ ಬೆಟ್ಟಗಳಲ್ಲೇ ಹುಟ್ಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. 2012ರಲ್ಲಿ ವಿಶ್ವ ಪರಂಪರೆಯ ತಾಣಗಳೆಂದು ಘೋಷಿತವಾದ ಪಶ್ಚಿಮ ಘಟ್ಟದ ಪ್ರದೇಶಗಳಲ್ಲಿ ಪುಷ್ಪಗಿರಿ ವನ್ಯಜೀವಿಧಾಮವೂ ಒಂದು.

ಹೊರಡುವ ಮುನ್ನ ನಮ್ಮ ಅಧ್ಯಾಪಕರು ಒಂದು ಹಳೆಯ ಕಥೆ ಹೇಳಿದರು. ಫ್ರಾನ್ಸ್ ದೇಶದ ಪಾಸ್ಕಲನಿಗೆ ಗಾಳಿಗೆ ತೂಕವಿದೆಯೆ, ಇದ್ದರೆ ಎತ್ತರಕ್ಕೆ ಹೋದಂತೆ ಆ ತೂಕ ಕಡಮೆಯಾಗಬೇಕಲ್ಲವೆ ಎಂಬ ಪ್ರಶ್ನೆ. ಅವನ ಭಾವ ಪೆರಿಯೆ ಎಂಬಾತ 1648ರ ಸೆಪ್ಟೆಂಬರ್ 19ರಂದು ಪಾದರಸ ಮತ್ತು ಗಾಜಿನ ಕೊಳವೆಗಳನ್ನು ಹೊರಿಸಿಕೊಂಡು ಪ್ಯೂ-ದ-ದೋಮ್ ಎಂಬ ಬೆಟ್ಟವನ್ನು ಹತ್ತಿದ. ಮೇಲೆ ಪಾದರಸದ ಕಂಬ ಸುಮಾರು ಎಂಟು ಸೆಂಟಿಮೀಟರಿನಷ್ಟು ಇಳಿದಿತ್ತು. ಇದು ಎಲ್ಲ ಪುಸ್ತಕಗಳಲ್ಲೂ ಇದೆ. ಆದರೆ ನಮ್ಮ ಅಧ್ಯಾಪಕರು ಒತ್ತಿ ಹೇಳಿದ್ದು ಬೇರೆಯದನ್ನು. ಪೆರಿಯೆ ಒಂದು ಕೊಳವೆಯನ್ನು ಕೆಳಗೆ ಊರಿನ ಮಠವೊಂದರಲ್ಲಿ ನಿಲ್ಲಿಸಿ, ಸಂಜೆಯವರೆಗೆ ಅದನ್ನೇ ನೋಡುತ್ತಿರುವಂತೆ ಒಬ್ಬ ಸಂನ್ಯಾಸಿಗೆ ಹೇಳಿ ಹೋಗಿದ್ದ. ಅದರಲ್ಲಿ ಪಾದರಸ ಇಡೀ ದಿನ ಅಲುಗಲಿಲ್ಲ. ಮೇಲೆ ಕಂಡ ಇಳಿತವು ಎತ್ತರದಿಂದಲೇ ಆದದ್ದು, ಹವೆ ಬದಲಾದುದರಿಂದ ಆದದ್ದಲ್ಲ ಎಂಬುದಕ್ಕೆ ಆಧಾರವಾದುದು ಬೆಟ್ಟ ಹತ್ತಿದವನಲ್ಲ, ಹತ್ತದೆ ಕುಳಿತವನು!

"ನಿಮ್ಮಲ್ಲಿ ಸಂನ್ಯಾಸಿಯಾಗುವವರು ಯಾರು?" ಎಂದು ಅವರು ಕೇಳಿದಾಗ ಯಾರೂ ಕೈಯೆತ್ತಲಿಲ್ಲ. ಕೊನೆಗೆ ಚೀಟಿ ಹಾಕಿದೆವು. ಚೀಟಿ ಬಿದ್ದವನು ಎರಡು ದಿನ ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ.

ಇನ್ನು ಹೊರೆಯ ವಿಚಾರ. ನಮ್ಮ ಯೋಜನೆಯಂತೆ ಆರು ನೆಲೆಗಳಲ್ಲಿ ಅಳತೆಯಾಗಬೇಕು: 300, 600, 900 ಮತ್ತು 1200 ಮೀಟರುಗಳಲ್ಲಿ ಒಂದೊಂದು, ಐದನೆಯದು ಶೇಷ ಪರ್ವತದ ಮೇಲೆ, ಆರನೆಯದು ಕುಮಾರ ಪರ್ವತದ ನೆತ್ತಿಯ ಮೇಲೆ. ಪ್ರತಿ ನೆಲೆಯಲ್ಲಿಯೂ ಒಣ ಮತ್ತು ಒದ್ದೆ ಥರ್ಮಾಮೀಟರುಗಳ ಓದು, ವಾಯುಭಾರ, ನೆಲದ ಇಳಿಜಾರು, ಕಬ್ಬಿಣದ ಸರಳಿನಿಂದ ಮಣ್ಣಿನ ಆಳ. ಮರಗಳಿದ್ದಲ್ಲಿ ಹತ್ತು ಮೀಟರ್ ಚೌಕದಲ್ಲಿ ಅವುಗಳ ಎಣಿಕೆ, ಎದೆಯೆತ್ತರದಲ್ಲಿ ಸುತ್ತಳತೆ. ಎದೆಯೆತ್ತರವೆಂದರೆ ಅವರವರ ಎದೆಯಲ್ಲ. ಅರಣ್ಯಶಾಸ್ತ್ರದವರು ಅದನ್ನು 1.37 ಮೀಟರ್ ಎಂದು ಗೊತ್ತುಮಾಡಿದ್ದಾರೆ. ಇಷ್ಟಕ್ಕೂ ಬೇಕಾದ ಸಾಮಾನು, ಅದರ ಮೇಲೆ ತಲೆಗೆ ಮೂರು ಲೀಟರ್ ನೀರು, ಹಾಸಿಗೆ, ಮಳೆಯಂಗಿ, ಅವಲಕ್ಕಿ, ಬೆಲ್ಲ, ಚಪಾತಿ. ತೂಕದ ಯಂತ್ರದ ಮೇಲೆ ನನ್ನ ಬೆನ್ನುಚೀಲ ಹದಿಮೂರು ಕಿಲೋ ತೂಗಿತು. ಕಾಲೇಜಿನ ಹಜಾರದಲ್ಲಿ ಹೊತ್ತು ನಿಂತಾಗ ಹದಿಮೂರು ಕಿಲೋ ಏನೂ ಅಲ್ಲ. ಅದು ಏರಿನಲ್ಲಿ ಎರಡು ಗಂಟೆಯ ಮೇಲೆ ಬೇರೊಂದು ಪದಾರ್ಥವಾಗುತ್ತದೆ.

'ಮೊಬೈಲ್ ಫೋನಿನಲ್ಲೇ ಎತ್ತರ ತೋರುತ್ತದಲ್ಲ, ಈ ವಾಯುಭಾರಮಾಪಕವನ್ನು ಏಕೆ ಹೊರಬೇಕು?' ಎಂದು ವಾಚಕರು ಕೇಳಬಹುದು. ನಾವೂ ಕೇಳಿದೆವು. ಉಪಗ್ರಹಗಳಿಂದ ಫೋನು ಲೆಕ್ಕಹಾಕುವುದು ಭೂಮಿಯನ್ನು ಒಂದು ನಯವಾದ ಗಣಿತದ ಆಕೃತಿಯೆಂದು ಭಾವಿಸಿ. ನಿಜವಾದ ಸಮುದ್ರಮಟ್ಟ ದಕ್ಷಿಣ ಭಾರತದಲ್ಲಿ ಆ ಆಕೃತಿಗಿಂತ ಎಂಬತ್ತು ತೊಂಬತ್ತು ಮೀಟರ್ ಕೆಳಗಿದೆ. ಈ ವ್ಯತ್ಯಾಸವನ್ನು ಸರಿಪಡಿಸದೆ ತೋರಿಸುವ ಫೋನಿನಲ್ಲಿ ನಮ್ಮ ಬೆಟ್ಟಗಳೆಲ್ಲ ಅಷ್ಟು ಕುಳ್ಳಾಗುತ್ತವೆ. ಸರಿಪಡಿಸಿದರೂ ದಟ್ಟ ಕಾಡಿನೊಳಗೆ ಉಪಗ್ರಹದ ಸಂಕೇತ ತಡವರಿಸುತ್ತದೆ. ವಾಯುಭಾರಮಾಪಕವೂ ದೋಷರಹಿತವಲ್ಲ. ಉಷ್ಣವಲಯದಲ್ಲಿ ಗಾಳಿಯ ಭಾರ ದಿನಕ್ಕೆ ಎರಡು ಬಾರಿ ಉಬ್ಬರವಿಳಿತದಂತೆ ಏರಿಳಿಯುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಹೆಚ್ಚು, ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕಡಮೆ. ಅಂತರ ಸುಮಾರು ಮೂರು ಮಿಲಿಬಾರ್. ಒಂದು ಮಿಲಿಬಾರಿಗೆ ಎಂಟು ಒಂಬತ್ತು ಮೀಟರ್ ಎತ್ತರವೆಂದು ಹಿಡಿದರೆ, ಬೆಟ್ಟದ ಮೇಲೆ ಸುಮ್ಮನೆ ಕುಳಿತವನು ಮಧ್ಯಾಹ್ನದೊಳಗೆ ಇಪ್ಪತ್ತೈದು ಮೀಟರ್ ಮೇಲೇರಿದಂತೆ ಉಪಕರಣ ತೋರಿಸುತ್ತದೆ. ಇದನ್ನು ತಿದ್ದಲೂ ಕೆಳಗೆ ಕುಳಿತ ಆ ಸಂನ್ಯಾಸಿಯೇ ಬೇಕು. ನೀರು ಕುದಿಯುವ ಉಷ್ಣತೆಯಿಂದ ಎತ್ತರ ತಿಳಿಯುವ ಇನ್ನೊಂದು ಹಳೆಯ ವಿಧಾನವುಂಟು. ಮುನ್ನೂರು ಮೀಟರಿಗೆ ಸುಮಾರು ಒಂದು ಡಿಗ್ರಿ ಕಡಮೆಯಲ್ಲಿ ನೀರು ಕುದಿಯುತ್ತದೆ. ಆದರೆ ವನ್ಯಧಾಮದಲ್ಲಿ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ಅದನ್ನು ಕೈಬಿಟ್ಟೆವು.

ಮೊದಲ ದಿನದ ದಾರಿ ಪೂರ್ತಿ ನಿತ್ಯಹರಿದ್ವರ್ಣದ ಕಾಡು. ಧೂಪ, ಹೆಬ್ಬಲಸು, ನಾಗಸಂಪಿಗೆ, ನಡುವೆ ಬೆತ್ತದ ಪೊದೆ. ಬಿಸಿಲು ಕಾಣದ ನೆಲ, ಬೇರುಗಳೇ ಮೆಟ್ಟಿಲು. ಉಂಬಳಗಳ ಬಗ್ಗೆ ಹೇಳದಿದ್ದರೆ ಮಲೆನಾಡಿನವರು ಈ ಲೇಖನವನ್ನು ನಂಬಲಾರರು. ನಡೆಯುವವನನ್ನು ಅವು ಅಷ್ಟು ಕಾಡುವುದಿಲ್ಲ. ನಿಂತು ಮರದ ಸುತ್ತಳತೆ ತೆಗೆಯುವವನೇ ಅವುಗಳ ಪಾಲಿನ ಔತಣ. ಸುಣ್ಣ ಹೊಗೆಸೊಪ್ಪು ಕಟ್ಟಿದ ಬಟ್ಟೆಯಿಂದ ಒತ್ತಿದರೆ ಬಿಡುತ್ತವೆ, ಆದರೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅದರ ಜೊಲ್ಲಿನಿಂದಾಗಿ ಗಾಯ ಬಹಳ ಹೊತ್ತು ಒಸರುತ್ತಲೇ ಇರುತ್ತದೆ. ಎರಡು ನೆಲೆಗಳನ್ನು ಮುಗಿಸಿ ಸಂಜೆ ಗಿರಿಗದ್ದೆಗೆ ಬಂದು ಅಲ್ಲಿ ತಂಗಿದೆವು. ಮೂರನೆಯ ನೆಲೆಯೂ ಅಲ್ಲಿಯೇ.

ಎರಡನೆಯ ದಿನ ಬೆಳಿಗ್ಗೆ ಏಳಕ್ಕೆ ಗಡಿಯಾರಗಳನ್ನೆಲ್ಲ ಒಂದು ಮಾಡಿಕೊಂಡೆವು. ಕಾಲು ಗಂಟೆಗೊಮ್ಮೆ ನೆರಳಿನ ಥರ್ಮಾಮೀಟರನ್ನೂ ವಾಯುಭಾರವನ್ನೂ ಬರೆದಿಡುವಂತೆ ನಮ್ಮ ಸಂನ್ಯಾಸಿಗೆ ಹೇಳಿ, ಹಾಸಿಗೆಗಳನ್ನು ಅಲ್ಲಿಯೇ ಬಿಟ್ಟು, ಉಪಕರಣ ಮತ್ತು ನೀರಿನೊಡನೆ ಹೊರಟೆವು. ಆಗ ಗಿರಿಗದ್ದೆಯಲ್ಲಿ 18.5 ಡಿಗ್ರಿ. ದಾರಿ ತೋರಲು ಅಲ್ಲಿನ ಹಿರಿಯರೊಬ್ಬರು ಬಂದಿದ್ದರು. ನಾವು ಅವರನ್ನು 'ಗೌಡ್ರೇ' ಎಂದು ಕರೆಯುತ್ತಿದ್ದೆವು.

ಅರಣ್ಯ ಇಲಾಖೆಯ ತನಿಖಾ ಠಾಣೆ ದಾಟಿದ ಮೇಲೆ ಕಾಡು ಹಿಂದುಳಿದು ಹುಲ್ಲುಗಾವಲು ತೊಡಗುತ್ತದೆ. ಚಿತ್ರದಲ್ಲಿ ಅದು ರಮ್ಯ. ಬೆನ್ನ ಮೇಲೆ ಹೊರೆಯಿರುವವನಿಗೆ ಅದು ನೆರಳಿಲ್ಲದ ಏರು. ಹಿಂದಿನ ದಿನದ ಬೇರಿನ ಮೆಟ್ಟಿಲುಗಳನ್ನು ಬೈದವರೆಲ್ಲ ಈಗ ಆ ತಂಪನ್ನು ನೆನೆದರು. ಒಂದು ಗಂಟೆಯೊಳಗೆ ನನ್ನ ಮೂರು ಲೀಟರಿನಲ್ಲಿ ಒಂದು ಮುಗಿದಿತ್ತು. ಚೀಲದ ಪಟ್ಟಿ ಹೆಗಲನ್ನು ಕೊರೆಯುತ್ತಿತ್ತು. ಬಾಗಿ ನಡೆದರೆ ಸೊಂಟ ಹಿಡಿಯುವುದು, ನೆಟ್ಟಗೆ ನಡೆದರೆ ಚೀಲ ಹಿಂದಕ್ಕೆ ಎಳೆಯುವುದು. ಗೌಡರು ಮಾತ್ರ ಕೈಯಲ್ಲೊಂದು ಕೋಲು ಹಿಡಿದು, ಮನೆಯ ಅಂಗಳದಲ್ಲಿ ನಡೆಯುವವರಂತೆ ಒಂದೇ ಹದದಲ್ಲಿ ಹೋಗುತ್ತಿದ್ದರು. "ಬೇಗ ಹೋಗುವುದು ಬೇಡ, ನಿಲ್ಲುವುದೂ ಬೇಡ" ಎಂಬುದು ಅವರ ಸೂತ್ರ. ಅದನ್ನು ಪಾಲಿಸಿದವರಿಗೆ ಆಯಾಸ ನಿಜವಾಗಿಯೂ ಕಡಮೆಯಾಯಿತು.

ದೇಹ ದಣಿದಾಗ ಕಣ್ಣೂ ದಣಿಯುತ್ತದೆ. ಥರ್ಮಾಮೀಟರಿನ ಅರ್ಧ ಡಿಗ್ರಿಯ ಗೆರೆ ಮಂಜಾಗುತ್ತದೆ. ಎಣಿಸುವವನು ಹದಿನಾಲ್ಕರ ಮೇಲೆ ಹದಿನಾರು ಎನ್ನುತ್ತಾನೆ. ಇದನ್ನು ಬಲ್ಲ ನಮ್ಮ ಅಧ್ಯಾಪಕರು ಒಂದು ಕ್ರಮ ಮಾಡಿದ್ದರು. ನೆಲೆಗೆ ಬಂದ ಕೂಡಲೆ ಯಾರೂ ಅಳೆಯಕೂಡದು. ಹತ್ತು ನಿಮಿಷ ಕುಳಿತು ನೀರು ಕುಡಿಯಬೇಕು. ಒಬ್ಬನು ಓದಿ ಗಟ್ಟಿಯಾಗಿ ಹೇಳಬೇಕು, ಬರೆಯುವವನು ಅದನ್ನೇ ಗಟ್ಟಿಯಾಗಿ ಮರುನುಡಿದು ಬರೆಯಬೇಕು, ಆಮೇಲೆ ಮೂರನೆಯವನು ಬರೆದುದನ್ನು ನೋಡದೆ ಮತ್ತೆ ಓದಬೇಕು. ಬರವಣಿಗೆ ಪೆನ್ಸಿಲಿನಲ್ಲಿ. ಸಂಧ್ಯಾವಂದನೆಯ ಮಂತ್ರದಂತೆ ಇದನ್ನು ನಾವು ಪ್ರತಿ ನೆಲೆಯಲ್ಲೂ ಒಪ್ಪಿಸುತ್ತಿದ್ದೆವು.

ಕಲ್ಲುಮಂಟಪ ದಾಟಿ ಮೇಲೇರಿದಂತೆ, ಶೋಲೆ ಕಾಡು ಮತ್ತು ಹುಲ್ಲುಗಾವಲಿನ ಹಂಚಿಕೆ ಕಣ್ಣಿಗೆ ಸ್ಪಷ್ಟವಾಗಿ ಕಾಣತೊಡಗಿತು. ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಕುಳ್ಳು ಮರಗಳ ಕಪ್ಪು ಹಸಿರು, ಏಣುಗಳ ಮೇಲೆಲ್ಲ ಹುಲ್ಲು. ಎರಡರ ನಡುವಿನ ಗೆರೆ ಕತ್ತರಿಯಲ್ಲಿ ಕತ್ತರಿಸಿದಂತೆ. ಹುಲ್ಲಿನಲ್ಲಿ ನಮ್ಮ ಸರಳು ಒಂದು ಗೇಣು ಇಳಿಯುವುದರೊಳಗೆ ಕಲ್ಲಿಗೆ ತಾಗುತ್ತಿತ್ತು. ಇಪ್ಪತ್ತು ಹೆಜ್ಜೆ ಆಚೆ ಮರಗಳ ಕೆಳಗೆ ಇಡೀ ಸರಳು ಇಳಿದರೂ ತಳ ಸಿಗಲಿಲ್ಲ. ಮಣ್ಣು ಆಳವಾಗಿದೆಯೆಂದು ಅಲ್ಲಿ ಮರ ಬೆಳೆಯಿತೊ, ಮರ ಬೆಳೆದುದರಿಂದ ಮಣ್ಣು ನಿಂತಿತೊ, ಸರಳು ಹೇಳುವುದಿಲ್ಲ. ಈ ಹುಲ್ಲುಗಾವಲುಗಳು ಮನುಷ್ಯ ಕಾಡು ಸುಟ್ಟುದರಿಂದ ಆದವೆಂದು ಹಿಂದೆ ಅನೇಕರು ಭಾವಿಸಿದ್ದರು. ನೀಲಗಿರಿಯ ಜೌಗುಗಳಲ್ಲಿ ಪದರಪದರವಾಗಿ ಉಳಿದ ಸಸ್ಯಾವಶೇಷಗಳನ್ನು ಪರೀಕ್ಷಿಸಿದಾಗ, ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಹಿಮಯುಗದ ಒಣ ಹವೆಯಲ್ಲಿ, ಅಲ್ಲಿ ಹುಲ್ಲು ಹರಡಿಕೊಂಡಿತ್ತೆಂದು ತಿಳಿದುಬಂತು. ಆದುದರಿಂದ ಹುಲ್ಲುಗಾವಲನ್ನು 'ಬರಿ ಬಂಜರು' ಎಂದು ಬಗೆದು ಅಲ್ಲಿ ಗಿಡ ನೆಡಲು ಹೊರಡುವವರು ಸ್ವಲ್ಪ ತಾಳುವುದೊಳ್ಳೆಯದು ಎಂದು ನನಗೆ ತೋರುತ್ತದೆ.

ಶೇಷ ಪರ್ವತದ ನೆತ್ತಿ ಮುಟ್ಟಿದಾಗ ಹನ್ನೆರಡು ಗಂಟೆ. ಕುಳಿತು, ನೀರು ಕುಡಿದು, ಹನ್ನೆರಡೂಕಾಲಿಗೆ ಓದು ತೆಗೆದೆವು: 20.5 ಡಿಗ್ರಿ. ಬೆಳಿಗ್ಗೆ ಏಳಕ್ಕೆ ಗಿರಿಗದ್ದೆಯಲ್ಲಿ ಇದ್ದುದು 18.5. ಈ ಎರಡನ್ನೇ ಹೋಲಿಸಿದವನು, ಬೆಟ್ಟದ ಮೇಲೆ ಕೆಳಗಿಗಿಂತ ಸೆಕೆ ಹೆಚ್ಚೆಂದು ಪ್ರಬಂಧ ಬರೆಯಬೇಕಾಗುತ್ತದೆ! ಸಂಜೆ ಸಂನ್ಯಾಸಿಯ ಪುಸ್ತಕ ತೆರೆದಾಗ, ಅದೇ ಹನ್ನೆರಡೂಕಾಲಕ್ಕೆ ಅವನಲ್ಲಿ 25 ಡಿಗ್ರಿ ಇತ್ತು. ಅಂತರ ನಾಲ್ಕೂವರೆ ಡಿಗ್ರಿ. ವಾಯುಭಾರದಿಂದ ಲೆಕ್ಕಹಾಕಿದ ಎತ್ತರದ ಅಂತರ ಸುಮಾರು 700 ಮೀಟರ್. ಸಾವಿರ ಮೀಟರಿಗೆ ಸುಮಾರು 6.4 ಡಿಗ್ರಿಯಾಯಿತು, ಪುಸ್ತಕದ ಸಂಖ್ಯೆಗೆ ಬಹಳ ಹತ್ತಿರ.

ಐದನೆಯ ನೆಲೆಯ ಕೆಲಸ ಮುಗಿಯುವಾಗ ಪೂರ್ವದ ಕಡೆ ಬಿಳಿಯ ಮೋಡಗಳು ಗೋಪುರದಂತೆ ಬೆಳೆಯುತ್ತಿದ್ದವು. ಸ್ವಾತಿ ಮಳೆಯ ದಿನಗಳು. ಆಗ ಘಟ್ಟದಲ್ಲಿ ಬೆಳಿಗ್ಗೆ ನಿರ್ಮಲ ಆಕಾಶ, ಮಧ್ಯಾಹ್ನ ಗುಡುಗು ಮಿಂಚು. ಎದುರಿಗೆ, ಒಂದು ತಗ್ಗಿನ ಆಚೆ, ಶೋಲೆಯನ್ನು ಉಟ್ಟುಕೊಂಡು ಕುಮಾರ ಪರ್ವತ ನಿಂತಿತ್ತು. ಅಲ್ಲಿಗೆ ಹೆಚ್ಚೆಂದರೆ ಒಂದು ಗಂಟೆ. ಚೀಲಗಳನ್ನು ಹೆಗಲಿಗೇರಿಸುತ್ತಿದ್ದಾಗ ಮೋಡದೊಳಗೆ ಬೆಳಕು ಮಿನುಗಿತು. ಅಧ್ಯಾಪಕರು ಗಡಿಯಾರ ನೋಡಿ ಎಣಿಸಿದರು. ಇಪ್ಪತ್ತೊಂದು ಸೆಕೆಂಡಿಗೆ ಗುಡುಗು ಕೇಳಿತು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದಾದ್ದರಿಂದ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್; ಅಂದರೆ ಏಳು ಕಿಲೋಮೀಟರ್ ದೂರ. ದೂರವೆಂದು ತೋರುತ್ತದೆ, ಆದರೆ ಮಳೆಯ ಅಂಚಿನಿಂದ ಹತ್ತು ಕಿಲೋಮೀಟರ್ ಆಚೆಗೂ ಸಿಡಿಲು ಬೀಳಬಲ್ಲುದು.

ಗೌಡರು ಕೋಲು ಊರಿ ಹೇಳಿದರು: "ಸಾರ್, ಇನ್ನು ಮುಂದೆ ಹೋಗುವುದು ಬೇಡ. ಆಚೆ ಹೋದರೆ ಹಿಂದೆ ಬರುವಾಗ ಇದೇ ಬೋಳುಗುಡ್ಡೆ ಹತ್ತಿ ಇಳಿಯಬೇಕು. ಆಗ ಸಿಡಿಲು ತಲೆ ಮೇಲೆ ಉಂಟು."

ನಮ್ಮಲ್ಲೊಬ್ಬನು ಅಳುವುದೊಂದು ಬಾಕಿ. "ಸಾರ್, ಒಂದೇ ಒಂದು ನೆಲೆ ಸಾರ್. ನಾನೊಬ್ಬ ಓಡಿಹೋಗಿ ಓದಿ ಬರ್ತೀನಿ" ಎಂದ. ಶಿಖರದಲ್ಲಿ ರಾತ್ರಿ ಉಳಿಯಲು ಅನುಮತಿಯಿಲ್ಲ; ಆಚೆಯ ಸೋಮವಾರಪೇಟೆಯ ಮಗ್ಗುಲಿಗೆ ಇಳಿಯೋಣವೆಂದರೆ ನಮ್ಮ ಸಾಮಾನೂ ಸಂನ್ಯಾಸಿಯೂ ಗಿರಿಗದ್ದೆಯಲ್ಲಿ. ಅಧ್ಯಾಪಕರು ಎರಡನೆಯ ಮಿಂಚಿಗೆ ಎಣಿಸಿದರು. ಹದಿನೇಳು. "ಇಳಿಯೋಣ" ಎಂದರು. ಅಷ್ಟೆ.

ಇಳಿತದ ಆ ಎರಡು ಗಂಟೆಗಳಷ್ಟು ಕಷ್ಟದ ನಡಿಗೆಯನ್ನು ನಾನು ಎಂದೂ ನಡೆದಿಲ್ಲ. ಮಳೆ ಹಿಡಿದ ಮೇಲೆ ಹುಲ್ಲು ಎಣ್ಣೆ ಸವರಿದಂತಾಯಿತು. ಪ್ರತಿ ಹೆಜ್ಜೆಗೂ ಚೀಲದ ತೂಕ ಮೊಣಕಾಲಿನ ಮೇಲೆ ಬಂದು ಕೂರುತ್ತಿತ್ತು. ಗುಡುಗು ಐದು ಸೆಕೆಂಡಿಗೆ ಬಂದಾಗ ಅಧ್ಯಾಪಕರು ನಮ್ಮನ್ನು ಏಣಿನಿಂದ ಒಂದು ತಗ್ಗಿಗೆ ಇಳಿಸಿ, ಒಬ್ಬೊಬ್ಬರನ್ನೂ ಇಪ್ಪತ್ತು ಹೆಜ್ಜೆ ದೂರ ದೂರ ಕೂರಿಸಿದರು. ಒಂದೇ ಸಿಡಿಲಿಗೆ ಎಲ್ಲರೂ ಸಿಕ್ಕಬಾರದೆಂದು ಹೀಗೆ. ಕಾಲುಗಳನ್ನು ಜೋಡಿಸಿ ಕುಕ್ಕರುಗಾಲಿನಲ್ಲಿ ಕೂರಬೇಕು. ನೆಲದೊಳಗೆ ಹರಿಯುವ ವಿದ್ಯುತ್ತು ಅಗಲಿಸಿದ ಕಾಲುಗಳಲ್ಲಿ ಒಂದರಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಒಂಟಿ ಮರದ ಕೆಳಗೆ ನಿಲ್ಲಲೇಬಾರದು. ಸರಳನ್ನು ದೂರ ಮಲಗಿಸಿ ಬಂದಿದ್ದೆವು. ಹಾಗೆ ಮುಕ್ಕಾಲು ಗಂಟೆ ಕುಳಿತೆವು. ಮಿಂಚಿನ ಬೆಳಕಿನಲ್ಲಿ ಇತರರ ಬೆನ್ನುಗಳು ಹುಲ್ಲಿನ ನಡುವೆ ಕಲ್ಲುಗಳಂತೆ ಕಾಣುತ್ತಿದ್ದವು. ನನಗೆ ಹೆದರಿಕೆಯಾಯಿತು, ಅದನ್ನು ಮರೆಮಾಡಿ ಪ್ರಯೋಜನವಿಲ್ಲ. ಟಿಪ್ಪಣಿ ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನನ್ನ ಅಂಗಿಯೊಳಗಿತ್ತು. ಆದರೂ ಅಂಚುಗಳು ನೆನೆದವು. ಪೆನ್ಸಿಲಿನ ಅಕ್ಷರ ಒಂದೂ ಅಳಿಯಲಿಲ್ಲ.

ಆ ರಾತ್ರಿ ಗಿರಿಗದ್ದೆಯಲ್ಲಿ ಬಿಸಿ ಅನ್ನ ಸಾರು ಉಂಡು, ದೀಪದ ಮುಂದೆ ಕೋಷ್ಟಕ ಬರೆಯಲು ಕುಳಿತೆವು. ಐದು ಸಾಲು ತುಂಬಿದವು. ಆರನೆಯದು ಖಾಲಿ. ಆಗ ಚರ್ಚೆ ಹುಟ್ಟಿತು. ಶಿಖರಕ್ಕೆ ಓಡುತ್ತೇನೆಂದಿದ್ದವನೇ ಹೇಳಿದ: "ಶೇಷ ಪರ್ವತಕ್ಕಿಂತ ಅದು ನೂರು ಮೀಟರ್ ಮೇಲಿರಬಹುದು. ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಇಳಿಯಬೇಕು. ನಮ್ಮ ಥರ್ಮಾಮೀಟರಿನ ಗೆರೆಯೇ ಅರ್ಧ ಡಿಗ್ರಿ. ಇಪ್ಪತ್ತು ಅಂತ ಬರೆದರೆ ದೇವರು ಕೂಡ ತಪ್ಪು ಅನ್ನೋಕೆ ಆಗಲ್ಲ ಕಣ್ರೋ." ಅವನ ಲೆಕ್ಕದಲ್ಲಿ ದೋಷವಿರಲಿಲ್ಲ. ಪ್ರಾಯಶಃ ಅಲ್ಲಿ ಇಪ್ಪತ್ತೇ ಇದ್ದಿರಬಹುದು.

ಅಧ್ಯಾಪಕರು ಸಿಟ್ಟಾಗಲಿಲ್ಲ. ನಾಲ್ಕನೆಯ ಸಾಲನ್ನು ತೋರಿಸಿದರು. 1200 ಮೀಟರಿನ ಆ ನೆಲೆಯಲ್ಲಿ ನಮ್ಮ ಓದು 20 ಡಿಗ್ರಿ, ಅದೇ ಹೊತ್ತಿಗೆ ಗಿರಿಗದ್ದೆಯಲ್ಲಿ 22.5. ಮುನ್ನೂರು ಮೀಟರಿಗೆ ಎರಡೂವರೆಯಾದರೆ ಸಾವಿರಕ್ಕೆ ಎಂಟಕ್ಕಿಂತ ಹೆಚ್ಚು. ಹಾಗಾದರೆ ಆರನೆಯ ಸಾಲನ್ನು ಯಾವ ದರದಲ್ಲಿ ತುಂಬೋಣ? ಆರೂವರೆಯಲ್ಲಿಯೊ, ಎಂಟರಲ್ಲಿಯೊ? ಒಣ ಗಾಳಿ ಮೇಲೇರಿದರೆ ಸಾವಿರ ಮೀಟರಿಗೆ ಹತ್ತು ಡಿಗ್ರಿಯ ಹತ್ತಿರ ತಣಿಯುತ್ತದೆ. ಮೋಡ ಕಟ್ಟುವಾಗ ಆವಿ ಬಿಟ್ಟುಕೊಡುವ ಶಾಖದಿಂದ ಆ ದರ ಬಹಳ ಇಳಿಯುತ್ತದೆ. ಪುಸ್ತಕದ ಆರೂವರೆ ಒಂದು ಸರಾಸರಿ. ಯಾವುದೇ ಒಂದು ಮಧ್ಯಾಹ್ನ ಅದಕ್ಕೆ ವಿಧೇಯವಾಗಿರಬೇಕೆಂದಿಲ್ಲ. ಪುಸ್ತಕದ ದರದಿಂದ ಆ ಸಾಲನ್ನು ತುಂಬಿ, ಆಮೇಲೆ ಆ ಸಾಲು ಪುಸ್ತಕದ ದರಕ್ಕೆ ಹೊಂದುತ್ತದೆಂದು ತೋರಿಸಿದರೆ, ನಾವು ಅಳೆದುದು ಬೆಟ್ಟವನ್ನಲ್ಲ, ಪುಸ್ತಕವನ್ನು. ಅಲ್ಲದೆ ಮಣ್ಣಿನ ಆಳ? ಅದನ್ನು ಯಾವ ಸೂತ್ರದಿಂದ ತರುವುದು?

ಅವನು ಒಪ್ಪಿದನೆಂದು ಹೇಳಲಾರೆ. "ಹಾಗಾದ್ರೆ ಆ ಜಾಗದಲ್ಲಿ ಏನು ಬರೀಲಿ ಸಾರ್?" ಎಂದು ಕೇಳಿದ. "ಆದದ್ದನ್ನು ಬರಿ" ಎಂದರು.

ವಿಭಾಗದ ಫಲಕದ ಮೇಲೆ ಈಗ ಹಚ್ಚಿರುವ ಕೋಷ್ಟಕದಲ್ಲಿ ಆರನೆಯ ಸಾಲು ಅವನ ಕೈಬರಹದಲ್ಲೇ ಇದೆ: 'ಕುಮಾರ ಪರ್ವತ, 1712 ಮೀ. ಅಳೆಯಲಿಲ್ಲ. ಮಧ್ಯಾಹ್ನ 12 ಗಂಟೆ 55 ನಿಮಿಷಕ್ಕೆ ಗುಡುಗು, 21 ಸೆಕೆಂಡು.' ಮುಂದಿನ ತಂಡ ಗುಡುಗಿನ ಕಾಲ ಕಳೆದ ಮೇಲೆ ಜನವರಿಯಲ್ಲಿ ಹೋಗುವುದೆಂದು ಗೊತ್ತಾಗಿದೆ. ಗಿರಿಗದ್ದೆಯಲ್ಲಿ ಕುಳಿತುಕೊಳ್ಳಲು ಈ ಬಾರಿಯೂ ಯಾರೂ ಕೈಯೆತ್ತಿಲ್ಲ.